ಕಂಡಕ್ಟರಮ್ಮನ ಲವಂಗ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ನಾನು ದಿನಾ ಹೋಗುತ್ತಿದ್ದ ಬಸ್ಸಿನ ಕಂಡಕ್ಟರಮ್ಮ, ಟಿಕೆಟ್ ಕೊಡುವಾಗ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಳ್ಳುತ್ತಿದ್ದರು. ಜಂಬ ಎಂದುಕೊಂಡಿದ್ದೆ. ಒಮ್ಮೆ ಬಸ್ಸಿನ ಸದ್ದಿನಲ್ಲಿ ಪಕ್ಕದವರ ಊರಿನ ಹೆಸರು ಕೇಳಿಸಿಕೊಳ್ಳಲು ಅವರು ಹತ್ತಿರ ಬಾಗಿದಾಗ ಬಾಯಿಯ ವಾಸನೆ ತಿಳಿಯಿತು. ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇದ್ದರೂ ಅದು ಹೋಗುತ್ತಿರಲಿಲ್ಲ.

ಹತ್ತಿದವರೆಲ್ಲ ಒಂದೊಂದು ಮದ್ದು ಹೇಳುವವರೇ. ಉಪ್ಪುನೀರು ಮುಕ್ಕಳಿಸಮ್ಮ, ಸೀಬೆ ಎಲೆ ಅಗಿಯಮ್ಮ, ನಾಲಗೆ ಚೆನ್ನಾಗಿ ಕೆರೆದುಕೊಳ್ಳಮ್ಮ. "ಆಯ್ತು, ನೋಡನ ಬುಡಿ," ಎನ್ನುತ್ತಿದ್ದರು. ಅದನ್ನೂ ಕಿಟಕಿಗೇ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಹಂಗಳದ ಅಜ್ಜಿಯೊಬ್ಬಳು ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಆ ಲವಂಗ ಉಗಿ ಅತ್ಲಾಗಿ. ಬಾಯೊಣಗುದ್ರೆ ನಾತ ಬಂದೇ ಬತ್ತದ ಕಣಮ್ಮಿ. ಮೊದ್ಲು ನೀರ್ ಕುಡಿ," ಎಂದು ತನ್ನ ಬಾಟಲಿಯ ಮುಚ್ಚಳ ತೆಗೆದು ಚಾಚಿದಳು.

ಅವತ್ತು ಮಾತ್ರ ಕಂಡಕ್ಟರಮ್ಮ ಮುಖ ತಿರುಗಿಸಲಿಲ್ಲ.

"ಗೊತ್ತು ಕಣಜ್ಜಿ. ಕುಡುದ್ರೆ ದಾರೀಲಿ ಎಲ್ಲಿಗ್ ಓಗ್ಲಿ? ಡ್ರೈವರಣ್ಣ ಬೇಲಿ ಮಗ್ಗುಲಲ್ಲಿ ನಿಂತ್ಕಬುಡ್ತಾನ. ನಾನು?"

ಅಜ್ಜಿ ಬಾಟಲಿಗೆ ಮುಚ್ಚಳ ಹಾಕಿದಳು. ಸೊಂಟದ ಎಲೆಯಡಿಕೆ ಚೀಲ ತಡಕಿ, ತನ್ನದೇ ಒಂದು ಲವಂಗ ತೆಗೆದು ಅವರ ಅಂಗೈಯಲ್ಲಿಟ್ಟಳು.