ಕೆಳಗಿಳಿಯುವ ಗ್ಯಾಸು

ಓರ್ಫಾ ಕಾರ್ಕಮ್ ಎಂಬಾಕೆ ಹಾಯಿದೋಣಿಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷವಾಗಿತ್ತು. ಮಹೋನ್ ಕೊಲ್ಲಿಯಲ್ಲಿ ಲಂಗರು ಹಾಕಿದ ಆ ದೋಣಿ ಬಿಟ್ಟರೆ ಅವಳಿಗೂ ಗಂಡ ಬೇಸಿಲ್‌ಗೂ ಬೇರೆ ಸೂರಿರಲಿಲ್ಲ. ಅಷ್ಟೂ ವರ್ಷ ಒಲೆ ಉರಿದದ್ದು ಸಿಎನ್‌ಜಿಯಿಂದ. ಗಾಳಿಗಿಂತ ಹಗುರವಾದ ಗ್ಯಾಸು. ಸೋರಿದರೆ ಮೇಲೇರಿ ಹೋಗುತ್ತದೆ. ವಾಸನೆ ಬಂದರೆ ಮೇಲಿನ ಬಾಗಿಲು ತೆರೆಯುವುದು, ಬೈದುಕೊಳ್ಳುತ್ತ ಕೊಳವೆ ಬಿಗಿ ಮಾಡುವುದು, ಇಷ್ಟೇ ಅವರ ಶಾಸ್ತ್ರ.

ಆ ಸಿಲಿಂಡರು ತುಂಬಿಕೊಡುವವರು ಇಲ್ಲದಾದಾಗ ಬೇಸಿಲ್ ಪ್ರೊಪೇನ್ ಸಿಲಿಂಡರು ತಂದ. ಮಾರುವವನು ತೂಕ ಹೇಳುತ್ತಾನೆ, ಬೆಲೆ ಹೇಳುತ್ತಾನೆ. ಸೋರಿದರೆ ಎತ್ತ ಹೋಗುತ್ತದೆಂದು ಕೇಳುವ ಗಿರಾಕಿ ಇನ್ನೂ ಹುಟ್ಟಬೇಕು. ಹೊಸದು ಹಳೆಯ ಸಿಲಿಂಡರಿದ್ದ ಕಪಾಟಿನಲ್ಲೇ ಕೂತಿತು. ಆ ಕಪಾಟಿನ ಗಾಳಿಕಿಂಡಿ ಇದ್ದದ್ದು ನೆತ್ತಿಯಲ್ಲಿ. ಮರುತಿಂಗಳೇ ಬೇಸಿಲ್ ಜಾರಿ ಬಿದ್ದು, ಸೊಂಟ ಹಿಡಿದು ಹಾಸಿಗೆಗೆ ಅಂಟಿದ.

ಅಕ್ಟೋಬರಿನ ಒಂದು ಬೆಳಿಗ್ಗೆ ಚಹಾಕ್ಕೆಂದು ಎದ್ದ ಓರ್ಫಾಳಿಗೆ ವಾಸನೆ ಬಡಿಯಿತು. ಅಭ್ಯಾಸದಂತೆ ಸಿಲಿಂಡರು ಮುಚ್ಚಿ ಮೇಲಿನ ಬಾಗಿಲು ತೆರೆದಳು. ವಾಸನೆ ಕದಲಲಿಲ್ಲ. ಮಂಡಿಯೂರಿ ನೆಲದ ಹಲಗೆ ಎತ್ತಿದಳು, ಮೂಗು ಉರಿಯಿತು. ದೋಣಿಯ ಹೊಟ್ಟೆಯಲ್ಲಿ ಗ್ಯಾಸು ನೀರಿನಂತೆ ತುಂಬಿ ಕೂತಿತ್ತು.

"ಬಾಗಿಲು ತೆಗ್ದಿದ್ದೀಯಲ್ಲ, ಹೋಗುತ್ತೆ ಬಿಡು," ಎಂದ ಬೇಸಿಲ್ ಹಾಸಿಗೆಯಿಂದ. "ಚಳಿ ಬರ್ತಿದೆ."

"ಇದು ಆ ಗ್ಯಾಸಲ್ಲ ಕಣೋ. ಇದು ಕೆಳಗೆ ಕೂರೋದು. ನಿನ್ನ ಥರ."

ದೋಣಿಯ ಅದೇ ಹೊಟ್ಟೆಗೆ ಸಮುದ್ರದ ನೀರೂ ಜಿನುಗುತ್ತಿತ್ತು. ನೀರು ಇನ್ನೆರಡು ಬೆರಳು ಏರಿದರೆ ಅದನ್ನು ಹೊರಹಾಕುವ ವಿದ್ಯುತ್ ಪಂಪು ತಾನಾಗಿ ಶುರುವಾಗುತ್ತದೆ. ಅದರ ಒಂದು ಕಿಡಿ ಸಾಕು. ಬ್ಯಾಟರಿಯ ಸ್ವಿಚ್ಚೂ ಅಲ್ಲೇ ಕೆಳಗಿತ್ತು, ಆರಿಸಿದರೂ ಕಿಡಿ ಹಾರೀತೆಂದು ಮುಟ್ಟುವಂತಿರಲಿಲ್ಲ. ಗಂಡನ ಕಂಕುಳಿಗೆ ಕೈ ಹಾಕಿ ಎಳೆದಳು. ಮೊದಲ ಮೆಟ್ಟಿಲಲ್ಲೇ ಅವನು ಕುಸಿದ. ಎರಡನೆಯ ಸಲ ಅವಳೂ ಜೊತೆಗೆ ಬಿದ್ದಳು.

"ನೀನು ಹೋಗು," ಎಂದ.

ಅವಳು ಹೋದದ್ದು ಮೇಲಿನ ಕೈಪಂಪಿಗೆ. ಹಿಡಿಕೆಯನ್ನು ಹಿಂದೆ ಮುಂದೆ ಜಗ್ಗತೊಡಗಿದಳು. ನೀರೂ ಗ್ಯಾಸೂ ಒಟ್ಟಿಗೆ ಹೊರಬೀಳತೊಡಗಿದವು. ನಿಲ್ಲಿಸಿದರೆ ನೀರು ಏರುತ್ತದೆ. ಜಗ್ಗುತ್ತಲೇ ಪಕ್ಕದ ದೋಣಿಯ ಮರ್ಡಾಕ್‌ನನ್ನು ಕೂಗಿದಳು. ಅವನು ತನ್ನ ಪುಟ್ಟ ದೋಣಿಯ ಮೋಟರಿನ ಹಗ್ಗಕ್ಕೆ ಕೈ ಹಾಕಿದ್ದು ಕಂಡು ಚೀರಿದಳು.

"ಮೋಟರು ಬೇಡ! ಹುಟ್ಟು ಹಾಕ್ಕೊಂಡು ಬಾ! ಬಾಯಲ್ಲಿ ಹೊಗೆಯಾಡ್ತಿರೋ ಪೈಪೂ ಎಸೆದು ಬಾ!"

ಪೈಪು ಎಸೆಯಲು ಮರ್ಡಾಕ್ ಒಂದು ಗಳಿಗೆ ಯೋಚಿಸಿದ್ದು ಅವಳಿಗೆ ಕಂಡಿತು. ಎಸೆದ. ಬಂದ. ನರಳುತ್ತಿದ್ದ ಬೇಸಿಲ್‌ನನ್ನು ಮೂಟೆಯಂತೆ ಹೊತ್ತು ಮೆಟ್ಟಿಲು ಹತ್ತಿಸಿ, ತನ್ನ ಪುಟ್ಟ ದೋಣಿಗೆ ಇಳಿಸಿ, ಅವಳನ್ನೂ ಕರೆದ. ಓರ್ಫಾ ಹಿಡಿಕೆ ಬಿಡಲಿಲ್ಲ. ಅವರು ದೂರವಾಗುವವರೆಗಾದರೂ ನೀರು ಏರಕೂಡದು. ತಲೆಯಲ್ಲೇ ದಡದ ಕಡೆ ತೋರಿಸಿದಳು.

ಮರ್ಡಾಕ್ ಒಬ್ಬನೇ ಮರಳಿದಾಗಲೂ ಅವಳು ಜಗ್ಗುತ್ತಲೇ ಇದ್ದಳು. ಅವನು ಹಲಗೆಯ ಹತ್ತಿರ ಮಲಗಿ ಮೂಸಿ, ಮತ್ತೊಮ್ಮೆ ಮೂಸಿ, ವಾಸನೆಯಿಲ್ಲ ಎಂದ. ಅವಳ ಬೆರಳುಗಳನ್ನು ಹಿಡಿಕೆಯಿಂದ ಒಂದೊಂದಾಗಿ ಅವನೇ ಬಿಡಿಸಬೇಕಾಯಿತು.

ದಡದಲ್ಲಿ ಕಂಬಳಿ ಹೊದ್ದು ಕೂತಿದ್ದ ಬೇಸಿಲ್ ಅವಳ ಕೈಗಳನ್ನು ನೋಡಿದ, ಮುಖ ನೋಡಲಿಲ್ಲ. ಇನ್ನು ಒಲೆಯೇ ಬೇಡ, ತಣ್ಣನೆಯ ಊಟವೇ ಸಾಕು ಎಂದ.

"ನಿಂಗೆ ಸಾಕು," ಎಂದಳು ಓರ್ಫಾ. "ಮೊದಲು ಆ ಕಪಾಟಿನ ತಳಕ್ಕೆ ಹೊರಗೆ ಹೋಗೋ ತೂತು ಆಗ್ಲಿ. ನಂಗೆ ಚಹಾ ಬೇಕು."