ನಿಮ್ಮಾಂವ, ನಮ್ಮಾಂವ

ಒಂದು ಮಾತನ್ನು ಒಮ್ಮೆ ಹೇಳಿ ಸುಮ್ಮನಾಗುವ ಸುಖ ನಮ್ಮ ಮನೆಯಿಂದ ಹೋಗಿ ಬಹಳ ಕಾಲವಾಯಿತು. ಊಟಕ್ಕೆ ಬನ್ನಿ ಎಂಬುದನ್ನೂ ಮೂರು ಸಲ ಹೇಳಬೇಕು. ಮೊದಲನೆಯದು ಗಾಳಿಗೆ, ಎರಡನೆಯದು ಗೋಡೆಗೆ, ಮೂರನೆಯದು ನಮ್ಮ ಮನೆಯವರಿಗೆ. ವಿಮಾ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಮರಾಠಿಯಲ್ಲಿ ಮಾತಾಡಿ, ಪುಣೆಯ ಖಡಕಿಯ ಮನೆಗೆ ಬಂದು ಕನ್ನಡದಲ್ಲಿ ಕೂಗುವಷ್ಟರಲ್ಲಿ ನನ್ನ ಗಂಟಲು ಹರಿದಿರುತ್ತದೆ. ದಣಿದಿದ್ದೇನೆ ಎಂದು ಹೇಳುವುದಕ್ಕೂ ಕೂಗಬೇಕು. ಹಾಗಾಗಿ ಹೇಳುವುದಿಲ್ಲ.

ಇದೇ ಮನೆಯಲ್ಲಿ ಒಂದು ಕಾಲಕ್ಕೆ ಜಗಳವೆಂದರೆ ಸಿನಿಮಾ ಸಂಗೀತದ್ದು ಮಾತ್ರ. ಬೇರೆ ವಿಷಯಕ್ಕೆ ಜಗಳವಾಡಲು ನಮಗೆ ಪುರುಸೊತ್ತೇ ಇರಲಿಲ್ಲ. ಶುರುವಾದದ್ದು ಮದುವೆಯಾಗಿ ನಾನು ಧಾರವಾಡದ ಕಡೆಯಿಂದ ಪುಣೆಗೆ ಬಂದ ಹೊಸದರಲ್ಲಿ. ಇವರು ಸಿನಿಮಾಕ್ಕೆ ಕರೆದೊಯ್ದರು. ದುಃಖದ ದೃಶ್ಯ ಬಂದಾಗ ನೋಡಿದರೆ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆ ಬಂತೇನೋ ಎಂದು ಮೊಣಕೈಯಿಂದ ತಿವಿದೆ. ಇವರು ಕಣ್ಣು ತೆರೆಯದೆ, ಮಾತು ಇಲ್ಲದ ಜಾಗದಲ್ಲಿ ಹಿಂದೆ ಏನು ನುಡಿಯುತ್ತಿದೆ ಕೇಳು ಎಂದರು. ಕೇಳಿದೆ. ಹೊರಗೆ ಬಂದ ಮೇಲೆ, ಪಿಟೀಲು ತುಸು ಹೆಚ್ಚಾಯಿತು ಎಂದೆ. ಹೊಸ ಸೊಸೆ ಅತ್ತೆಯ ಸಾರಿಗೆ ಉಪ್ಪು ಕಡಿಮೆ ಎಂದರೆ ಏನಾಗುತ್ತದೋ ಅದೇ ಆಯಿತು.

ಆ ಚಿತ್ರಕ್ಕೆ ಸಂಗೀತ ಕೊಟ್ಟವರು ದೊಡ್ಡ ಹೆಸರಿನವರು, ಇವರ ಮೆಚ್ಚಿನವರು. ನನಗೆ ಮೊದಲಿನಿಂದ ಹಿಡಿಸಿದವರು ಇನ್ನೊಬ್ಬರು, ಅವರದೂ ಅಷ್ಟೇ ದೊಡ್ಡ ಹೆಸರು. ಗಂಡನ ಹೆಸರು ಹೇಳಬಾರದೆಂದು ನಮ್ಮ ಕಡೆ ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ ಆ ಇಬ್ಬರ ಹೆಸರೂ ನಮ್ಮ ಬಾಯಲ್ಲಿ ಬರಲಿಲ್ಲ. ನಿಮ್ಮವನು, ನಮ್ಮವನು ಎಂಬುದೇ ನಮ್ಮ ಕಡೆಯ ಮಾತಿನಲ್ಲಿ: ಇವರ ಮೆಚ್ಚಿನವರು ನನಗೆ 'ನಿಮ್ಮಾಂವ', ನನ್ನ ಮೆಚ್ಚಿನವರು 'ನಮ್ಮಾಂವ'. ನನ್ನ ಗಂಡನ ಬಾಯಲ್ಲಿ ಅದು ತಿರುವುಮುರುವು. ಮಗಳು ಸಣ್ಣವಳಿದ್ದಾಗ, ಮಾತು ಬಿಟ್ಟ ಇಬ್ಬರು ನೆಂಟರು ಎಲ್ಲೋ ಇದ್ದಾರೆಂದೇ ತಿಳಿದಿದ್ದಳು. ಈಗ ಮದುವೆಯಾಗಿ ನಾಸಿಕದಲ್ಲಿದ್ದಾಳೆ, ಈ ಗದ್ದಲದಿಂದ ದೂರ.

ಇವರ ಮೆಚ್ಚಿನವರಿಗೆ ಪಿಟೀಲು ಬೇಕು. ಅದೂ ಒಂದೆರಡಲ್ಲ, ದಿಬ್ಬಣದಷ್ಟು. ನಾಯಕಿ ಬಾಗಿಲಿಗೆ ಬರುವ ಮೊದಲೇ ಕೊಳಲು ಬಂದು ನಿಂತಿರುತ್ತದೆ. ಅಳು ಬರುವುದಕ್ಕೆ ಒಂದು ಗಳಿಗೆ ಮುಂಚೆ ನಮ್ಮನ್ನು ಅಳುವುದಕ್ಕೆ ಸಿದ್ಧಮಾಡಿ ಕೂರಿಸುತ್ತಾರೆ. ಒಬ್ಬೊಬ್ಬ ಪಾತ್ರಕ್ಕೂ ಒಂದು ಸಣ್ಣ ರಾಗದ ಎಳೆ. ತಾಯಿ ತೀರಿಕೊಂಡು ಅರ್ಧ ಸಿನಿಮಾ ಕಳೆದಿರುತ್ತದೆ, ಮಗ ಹೊಸ ಅಂಗಿ ಹಾಕಿಕೊಂಡು ಕನ್ನಡಿ ನೋಡುತ್ತಾನೆ, ಆಗ ತಾಯಿಯ ಎಳೆ ಮೇಲಿನ ಸ್ಥಾಯಿಯಲ್ಲಿ ಒಂಟಿ ಪಿಟೀಲಿನ ಮೇಲೆ ಬರುತ್ತದೆ. ಪರದೆಯ ಮೇಲೆ ಯಾರೂ ಅಳುವುದಿಲ್ಲ. ಇದನ್ನು ಹೇಳುವಾಗ ಪ್ರತಿ ಸಲವೂ ಇವರ ಕಣ್ಣಲ್ಲಿ ನೀರು ಬರುತ್ತಿತ್ತು.

ನನ್ನ ಮೆಚ್ಚಿನವರು ಜಿಪುಣರು. ಒಂದು ತಂಬೂರಿ, ತಬಲಾದ ಡಗ್ಗಾ, ಪಿಟೀಲಿಗಿಂತ ತಗ್ಗಿನ ದನಿಯಲ್ಲಿ ಎದೆಯನ್ನು ಕೊರೆಯುವ ಒಂದು ಚೆಲ್ಲೋ. ತಾಯಿ ಸತ್ತ ದೃಶ್ಯಕ್ಕೆ ಅವರು ಏನನ್ನೂ ಕೊಡುವುದಿಲ್ಲ. ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳಿಸಬೇಕು, ಯಾರೋ ಪಾತ್ರೆ ಸರಿಸಿದ್ದು ಕೇಳಿಸಬೇಕು. ಬಂದವರೆಲ್ಲ ಹೋಗಿ ಬಾಗಿಲು ಮುಚ್ಚಿದ ಮೇಲೆ ಒಂದೇ ಒಂದು ತಗ್ಗಿನ ಸ್ವರ ಎತ್ತಿ, ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಸಾವಿನ ಮನೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆಂದು ನಾನು ವಾದಿಸುತ್ತಿದ್ದೆ.

ನಿಮ್ಮಾಂವಗೆ ಪಗಾರ ಕೊಡುವುದು ಸುಮ್ಮನೆ ಕೂರುವುದಕ್ಕೆ ಎಂದು ಇವರು ಮೂಗು ಮುರಿಯುತ್ತಿದ್ದರು. ನಿಮ್ಮಾಂವನ ಸಿನಿಮಾದಲ್ಲಿ ನಾಯಕ ನೀರು ಕುಡಿಯಬೇಕಾದರೂ ನಲವತ್ತು ಪಿಟೀಲು ಬೇಕು ಎಂದು ನಾನು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆ ನಮ್ಮಲ್ಲಿ ಇಬ್ಬರ ಬಾಯಿಂದಲೂ ಬಂದು ಸವೆದುಹೋಯಿತು. ರಾಜಿಯಾಗುತ್ತಿದ್ದದ್ದು ಒಂದೇ ವಿಷಯದಲ್ಲಿ: ಈಗಿನವರು ಕಂಪ್ಯೂಟರಿನಲ್ಲಿ ಮಾಡಿ ಎದೆಗೆ ಗುದ್ದುವ ಆ ಢಂ ಢಂ ಇಬ್ಬರಿಗೂ ಆಗುತ್ತಿರಲಿಲ್ಲ. ಉಳಿದಂತೆ ಯಾರೂ ಹಿಡಿದ ಪಟ್ಟು ಬಿಡಲಿಲ್ಲ. ಹೊರಗಿನವರಿಗೆ ಹುಚ್ಚಾಟವಾಗಿ ಕಂಡಿರಬಹುದು. ನಮಗೆ ಅದು ಸಂಸಾರದ ಮಾತುಕತೆ, ಅದಿಲ್ಲದೆ ನಮ್ಮ ನಡುವೆ ಹಾಲಿನ ಲೆಕ್ಕ, ಬಾಡಿಗೆಯ ಮಾತು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಇವರು ಚಾಕಣದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದರು. ತಗಡನ್ನು ಒತ್ತಿ ಕಾರಿನ ಬಾಗಿಲು ಮಾಡುವ ಜಾಗ. ಸದ್ದು ತಡೆಯಲೆಂದು ಕಿವಿಗೆ ಹಾಕಿಕೊಳ್ಳಲು ಕೊಟ್ಟಿದ್ದ ಕಿತ್ತಳೆ ಬಣ್ಣದ ಬೆಣೆಗಳನ್ನು ಕೊರಳಿಗೆ ತಾಯಿತದ ಹಾಗೆ ತೂಗುಹಾಕಿಕೊಂಡು ಓಡಾಡುತ್ತಿದ್ದರು. ಮೇಲಿನವರು ಬಂದರೆ ಕಿವಿಗೆ, ಹೋದರೆ ಕೊರಳಿಗೆ. ಏಕೆಂದರೆ ಪ್ರೆಸ್ಸಿನ ಹೊಡೆತ ಇವರಿಗೆ ತಾಳವಾಗಿತ್ತು. ಆ ತಾಳಕ್ಕೆ ತಮ್ಮವನ ರಾಗ ಗುನುಗುತ್ತ ನಿಲ್ಲುತ್ತಿದ್ದರು, ಕಿವಿ ಮುಚ್ಚಿದರೆ ತಾಳ ತಪ್ಪುತ್ತದಂತೆ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದು, ಇವತ್ತು ಇಡೀ ಸಿನಿಮಾ ಮುಗಿಸಿದೆ ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ನಿವೃತ್ತಿಯ ಸುತ್ತಮುತ್ತ ಇವರ ದೂರುಗಳು ಶುರುವಾದವು. ಹಳೆಯ ಸಿನಿಮಾಗಳನ್ನು ತೊಳೆದು ಹೊಸದು ಮಾಡುತ್ತೇವೆಂದು ಪಿಟೀಲುಗಳನ್ನೆಲ್ಲ ತೆಗೆದುಹಾಕಿದ್ದಾರೆ ಎಂಬುದು ದೊಡ್ಡ ದೂರು. ಸ್ಪೀಕರ್ ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ನನ್ನ ಮೆಚ್ಚಿನವರ ಕಡೆಯವರೇ ಯಾರೋ ಈ ಕೆಲಸ ಮಾಡಿಸಿದ್ದಾರೆಂದು ಒಮ್ಮೆ ಅಂದರು, ಅರ್ಧ ತಮಾಷೆಗೆ. ಅದೇ ಹೊತ್ತಿಗೆ ಕುಕ್ಕರಿನ ಸೀಟಿ ಇವರಿಗೆ ಕೇಳಿಸದಾಯಿತು. ಮೂರು ಸೀಟಿಗೆ ಆರಿಸಿ ಎಂದು ಹೇಳಿ ಸ್ನಾನಕ್ಕೆ ಹೋದರೆ, ಬರುವಷ್ಟರಲ್ಲಿ ಬೇಳೆ ತಳ ಹಿಡಿದಿರುತ್ತಿತ್ತು. ಮನೆಯ ಹಿಂದೆ ರೈಲು ಹೋದರೆ ಮಾತ್ರ ತಲೆಯೆತ್ತಿ ನೋಡುತ್ತಿದ್ದರು. ಲಾರಿ ಕೇಳಿಸುತ್ತದೆ, ರೈಲು ಕೇಳಿಸುತ್ತದೆ, ಹೆಂಡತಿ ಮಾತ್ರ ಕೇಳಿಸುವುದಿಲ್ಲ! ಗಂಡಸರ ಜಾಣ ಕಿವುಡಿನ ವಿಷಯ ಕಚೇರಿಯ ಹೆಂಗಸರೆಲ್ಲ ಹೇಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಆಗಲೇ ನಮ್ಮ ಕನ್ನಡ ಬಳಗದ ತಿಂಗಳ ಸಭೆಗೆ ನಮ್ಮ ಜಗಳವನ್ನೇ ಕಾರ್ಯಕ್ರಮ ಮಾಡಿದರು. ಗಂಡ ಒಬ್ಬರ ಪರ, ಹೆಂಡತಿ ಇನ್ನೊಬ್ಬರ ಪರ. ಒಂದೇ ಥರದ ದೃಶ್ಯಕ್ಕೆ ಇಬ್ಬರೂ ಹೇಗೆ ಸಂಗೀತ ಕೊಟ್ಟಿದ್ದಾರೆಂದು ತೋರಿಸಿ ಮಾತಾಡಬೇಕು. ನನಗೆ ಕಚೇರಿ ಕೆಲಸದಲ್ಲೇ ಜೀವ ಹೈರಾಣಾಗಿತ್ತು, ಬೇಡವೆಂದೆ. ಇವರು ಕೇಳಲಿಲ್ಲ. ನಿವೃತ್ತಿಯ ನಂತರ ಮೊದಲ ಸಲ ಇಸ್ತ್ರಿ ಅಂಗಿ ತೊಟ್ಟು, ಬೆಳಗಿನಿಂದ ಮಾತನ್ನು ಗೊಣಗಿಕೊಳ್ಳುತ್ತಾ ಓಡಾಡಿದರು. ಆ ಹುರುಪು ನೋಡಿ ನಾನೂ ಸೀರೆ ಬದಲಾಯಿಸಿದೆ.

ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದ ಮೇಲಿನ ಕೋಣೆ, ಬಟಾಟೆವಡೆಯ ವಾಸನೆ, ಅರ್ಧ ತುಂಬಿದ ಕುರ್ಚಿಗಳು. ಲ್ಯಾಪ್‌ಟಾಪ್ ನೋಡಿಕೊಳ್ಳಲು ಬೆಂಗಳೂರಿನ ಕಡೆಯ ಒಬ್ಬಳು ಸಾಫ್ಟ್‌ವೇರ್ ಹುಡುಗಿ ಕೂತಿದ್ದಳು. ದೃಶ್ಯ ರೈಲು ನಿಲ್ದಾಣದಲ್ಲಿ ಬೀಳ್ಕೊಡುವುದು. ನಾನು ಮೊದಲು ನನ್ನ ಮೆಚ್ಚಿನವರದನ್ನು ತೋರಿಸಿ ನಾಲ್ಕು ಮಾತಾಡಿದೆ, ಚಪ್ಪಾಳೆ ಬಿತ್ತು. ಆಮೇಲೆ ಇವರು ಎದ್ದರು. ದೃಶ್ಯ ಹಾಕುವ ಮೊದಲೇ, ರೈಲು ಹೊರಟ ಮೇಲೆ ಎಲ್ಲ ಸದ್ದೂ ನಿಂತು ಒಂದೇ ಪಿಟೀಲು ಹೇಗೆ ಕೂದಲೆಳೆಯಷ್ಟು ಸಣ್ಣಗೆ ಏಳುತ್ತದೆಂದು ಬಣ್ಣಿಸಿದರು. ಬೆರಳಿನಿಂದ ಅದು ಏರುವ ದಾರಿ ತೋರಿಸಿದರು. ಇಷ್ಟು ಚೆನ್ನಾಗಿ ಅವರು ಮನೆಯಲ್ಲೂ ಮಾತಾಡಿದ್ದು ನನಗೆ ನೆನಪಿಲ್ಲ.

ದೃಶ್ಯ ಶುರುವಾಯಿತು. ರೈಲು ಹೊರಟಿತು, ಇವರು ಕಣ್ಣು ಮುಚ್ಚಿದರು. ಪಿಟೀಲು ಎದ್ದಿತು. ಕೋಣೆಯೆಲ್ಲ ತುಂಬಿತು. ಇವರು ಕಣ್ಣು ಮುಚ್ಚಿಕೊಂಡೇ ಕಾದರು, ಕಾದರು, ಆಮೇಲೆ ಕಣ್ಣು ತೆರೆದು ಹುಡುಗಿಯ ಕಡೆ ತಿರುಗಿದರು.

"ಆವಾಜ್ ಬಿಡವಾ ತಂಗಿ."

"ಬರ್ತಾ ಇದೆ ಸರ್, ಫುಲ್ ವಾಲ್ಯೂಮ್ ಇದೆ," ಎಂದಳು ಅವಳು, ಗಾಬರಿಯಾಗಿ ನನ್ನನ್ನು ನೋಡುತ್ತ.

ಇವರಿಗೆ ಅವಳ ಮಾತೂ ಕೇಳಿಸಲಿಲ್ಲ. ಸಭೆಯ ಕಡೆ ತಿರುಗಿ ನಕ್ಕು, ನೋಡಿದಿರಲ್ಲ, ಹೊಸ ಪ್ರತಿಯಲ್ಲಿ ಪಿಟೀಲು ತೆಗೆದುಹಾಕಿದ್ದಾರೆ, ನಾನು ಎಷ್ಟು ದಿನದಿಂದ ಹೇಳುತ್ತಿದ್ದೇನೆ ಎಂದರು. ಪಿಟೀಲು ಇವರ ಬೆನ್ನ ಹಿಂದೆ ನುಡಿಯುತ್ತಲೇ ಇತ್ತು. ನಾನು ಕೂತಲ್ಲಿಂದ ಏಳಬೇಕಿತ್ತು, ಏಳಲಾಗಲಿಲ್ಲ, ಆ ಪಿಟೀಲು ನನ್ನನ್ನು ಹಿಡಿದುಕೊಂಡಿತ್ತು. ಮದುವೆಯಾದಾಗಿನಿಂದ ಅದನ್ನು ನಾನು ತಪ್ಪು ಹುಡುಕುವುದಕ್ಕೆಂದೇ ಕೇಳಿದ್ದೆ. ಅಂದು ಹುಡುಕಲು ಮನಸ್ಸಿರಲಿಲ್ಲ. ಅದು ಇವರು ಬೆರಳಿನಲ್ಲಿ ತೋರಿಸಿದ ದಾರಿಯಲ್ಲೇ ಏರಿತು, ಕೊನೆಗೆ ಮುರಿದುಹೋಗುತ್ತದೇನೋ ಅನ್ನುವಲ್ಲಿ ನಿಂತಿತು. ಇಂಥದ್ದನ್ನು ಮಾಡಿದವರು ದೊಡ್ಡವರೇ ಎಂದು ಅನ್ನಿಸಿತು. ಪ್ರತಿ ಸರಿಯಿಲ್ಲ, ಚಹಾ ಕುಡಿಯೋಣ ಬನ್ನಿ ಎಂದು ಬಳಗದ ಕಾರ್ಯದರ್ಶಿಯೇ ಎದ್ದು ಹೇಳಿದರು.

ಕಿವಿ ಪರೀಕ್ಷೆಗೆ ಒಪ್ಪಿಸುವಷ್ಟರಲ್ಲಿ ನಾನು ಇನ್ನಷ್ಟು ಹಣ್ಣಾದೆ. ಕ್ಲಿನಿಕ್ಕಿನ ಡಾಕ್ಟರಬಾಯಿ ಪರೀಕ್ಷೆಯ ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಎಡಗಡೆ ಸಮತಟ್ಟಾಗಿ ಹೊರಟ ಗೆರೆ ಬಲಗಡೆಗೆ ಘಾಟಿನ ರಸ್ತೆಯಂತೆ ಇಳಿದುಬಿಟ್ಟಿತ್ತು. ತಗ್ಗಿನ ಸದ್ದುಗಳು ಉಳಿದಿವೆ, ಕಾರ್ಖಾನೆಯ ಗದ್ದಲಕ್ಕೆ ಎತ್ತರದವು ಹೋಗಿವೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಹಕ್ಕಿ, ಸೀಟಿ, ಮಕ್ಕಳ ಮಾತು, ಹೆಂಗಸರ ದನಿ. ನಿಮ್ಮನ್ನು ಬೇಕೆಂದೇ ಕಡೆಗಣಿಸುತ್ತಿಲ್ಲ ಎಂದು ನನ್ನ ಕಡೆ ನೋಡಿ ನಕ್ಕರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇವರು ಕೇಳಿದ್ದು ಪಿಟೀಲಿನ ವಿಷಯ ಮಾತ್ರ. ಕಿವಿಗೆ ಹಾಕುವ ಯಂತ್ರ ಮಾತಿಗೆ ಸಹಾಯ ಮಾಡುತ್ತದೆ, ಸಂಗೀತಕ್ಕೆ ಆಸೆ ಇಟ್ಟುಕೊಳ್ಳಬೇಡಿ ಎಂದರು ಅವರು.

ಆದರೂ ಆಸೆ ಇಟ್ಟುಕೊಂಡೇ ಯಂತ್ರ ತಂದೆವು. ಮನೆಗೆ ಬಂದವರೇ ಕೈಕಾಲನ್ನೂ ತೊಳೆಯದೆ ಆ ನಿಲ್ದಾಣದ ದೃಶ್ಯ ಹಾಕಿದರು. ಮುಖವನ್ನೇ ನೋಡುತ್ತ ನಿಂತೆ. ಪಿಟೀಲು ಬಂದದ್ದು ಮುಖದಲ್ಲಿ ಗೊತ್ತಾಯಿತು. ಯಂತ್ರವನ್ನು ಕಿವಿಯಿಂದ ತೆಗೆದು ಮೆಲ್ಲಗೆ ಡಬ್ಬಿಯಲ್ಲಿಟ್ಟರು. ಸ್ಟೀಲಿನ ತಾಟಿನ ಮೇಲೆ ಚಮಚ ಎಳೆದ ಹಾಗಿದೆಯಂತೆ. ಈಗ ಬ್ಯಾಂಕಿಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾರೆ.

ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಸಂಗೀತದ ಸುದ್ದಿಯೇ ಇಲ್ಲ. ನಿಮ್ಮಾಂವನೂ ಇಲ್ಲ, ನಮ್ಮಾಂವನೂ ಇಲ್ಲ. ಹಾಲಿನ ಲೆಕ್ಕ, ಬಾಡಿಗೆಯ ಮಾತು, ಅವೂ ಮೂರು ಮೂರು ಸಲ. ಬೇಕೆಂದೇ ಇವರ ಮೆಚ್ಚಿನವರನ್ನು ಕೆಣಕಿ ನೋಡಿದೆ. ಇವರು ಪೇಪರಿನಿಂದ ತಲೆಯೆತ್ತಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ ಗೊತ್ತಿಲ್ಲ. ನನಗೆ ಇವರ ಕಿವುಡಿಗಿಂತ ಹೆಚ್ಚು ಭಯವಾದದ್ದು ಈ ಸುಮ್ಮನಿರುವಿಕೆ. ಜಗಳವಾಡದ ಈ ಮನುಷ್ಯನ ಜೊತೆ ಉಳಿದ ಆಯುಷ್ಯ ಹೇಗೆ ಕಳೆಯುವುದು ಎಂದು ನಾನು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅಡ್ಡಾಗಿದ್ದೆ. ಹೊರಗಿನ ಕೋಣೆಯಿಂದ ಚೆಲ್ಲೋ ಕೇಳಿಸಿತು, ನನ್ನ ಮೆಚ್ಚಿನವರದು. ಎದ್ದು ಹೋಗಿ ನೋಡಿದರೆ ಇವರು ಸ್ಪೀಕರಿನ ಮೇಲೆ ಅಂಗೈ ಊರಿಕೊಂಡು ಕೂತಿದ್ದಾರೆ. ಡಗ್ಗಾ ನುಡಿದಾಗ ಬೆರಳು ತುಸು ಅದುರುತ್ತಿದ್ದವು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ನಿಮ್ಮಾಂವ ಪೂರಾ ಕೇಳಿಸ್ತಾನ ನೋಡು," ಎಂದರು. "ಒಂದ ಸ್ವರ ಬಿಟ್ಟಿಲ್ಲ. ಮುಗೀತು, ನೀ ಗೆದ್ದಿ."

ಮುಖದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ದಣಿದವರು ಚೀಲ ಕೆಳಗಿಟ್ಟಂತೆ ಹೇಳಿಬಿಟ್ಟರು. ಇಷ್ಟು ವರ್ಷ ಈ ಮಾತು ಬರಲೆಂದು ಕಾದವಳು ನಾನೇ. ಬಂದಾಗ ನನಗೆ ಅಳು ಬಂತು. ಹೀಗೆ ಗೆಲ್ಲುವುದು ನನಗೆ ಬೇಕಿರಲಿಲ್ಲ.

"ಇಲ್ರಿ," ಎಂದೆ. "ನಿಮ್ಮಾಂವನೇ ದೊಡ್ಡಾಂವ."

ಅಳುವಿನಲ್ಲಿ ದನಿ ಸಣ್ಣದಾಗಿತ್ತು. ಇವರು ಕಿವಿಗೆ ಅಂಗೈ ಹಿಡಿದು ನನ್ನ ಕಡೆ ಬಾಗಿದರು. ಮತ್ತೆ ಹೇಳಿದೆ. ತಲೆಯಾಡಿಸಿದರು, ತಿಳಿಯಲಿಲ್ಲ. ಒಮ್ಮೆ ಹೇಳುವುದೇ ಕಷ್ಟವಾದ ಮಾತನ್ನು ಮೂರನೆಯ ಸಲ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದೆ.

"ನಿಮ್ಮಾಂವನೇ ದೊಡ್ಡಾಂವ್ರೀ! ಅವತ್ತು ಆ ಪಿಟೀಲು ನಾ ಕೇಳೀನಿ. ನಿಮ್ಮಾಂವನೇ ದೊಡ್ಡಾಂವ!"

ಕೆಳಗೆ ಕೈಗಾಡಿಯವಳ ಹತ್ತಿರ ಕಾಯಿಪಲ್ಲೆ ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದರು. ಇವರು ಸ್ಪೀಕರ್ ಆರಿಸಿದರು. ನನ್ನ ಕಡೆ ತಿರುಗಿದರು.

"ಲಗ್ನ ಆದ ಹೊಸದರಾಗ ಹೇಳಿದ್ದರ," ಎಂದರು, "ಸಣ್ಣಗ ಹೇಳಿದ್ರೂ ಕೇಳಸ್ತಿತ್ತಲ್ಲ."