ಸಬ್ಬಸಿಗೆ ಅಂತ ತಂದ ಸೊಪ್ಪು

ನೋಡ್ರಪ್ಪಾ, ಕಾಯಿಪಲ್ಯದ ಮಾರ್ಕೆಟ್ಟಿನಲ್ಲಿ ಯಾರನ್ನೂ ನಂಬಬೇಡಿ. ಇವತ್ತು ಬೆಟಗೇರಿಯಿಂದ ತಂದ ಸಬ್ಬಸಿಗೆ ಸೊಪ್ಪು ಬಿಡಿಸಲು ಕೂತರೆ ಕೈಯೆಲ್ಲ ಅತ್ತರಿನ ವಾಸನೆ! ಕಟ್ಟು ಹಿಡಿದುಕೊಂಡು ವಾಪಸ್ ಹೋದೆ.

"ಏನ್ ಹೊಡದೀಯವಾ ಇದಕ್ಕ?"

ಹರ್ತಿಯಿಂದ ಸೊಪ್ಪು ತರುವ ಹೆಣ್ಣುಮಗಳು ನಕ್ಕಳು. "ಏನೂ ಹೊಡದಿಲ್ಲಬೇ ಯಮ್ಮಾ. ಅದು ಬಡೇಸೋಪಿನ ಎಳಿ ಸೊಪ್ಪು, ನೋಡಾಕ ಸಬ್ಬಸಿಗಿ ಹಂಗ ಇರತೈತಿ. ಕೇಳದ ನೀನ ಎತ್ಕೊಂಡ್ ಹ್ವಾದಿ."

ಬಡೇಸೋಪು ಅಂದರೆ ಊಟ ಮುಗಿದ ಮೇಲೆ ಬಾಯಿಗೆ ಹಾಕುವ ಕಾಳು. ಅದರ ಸೊಪ್ಪಿನ ಪಲ್ಯ ಯಾರು ಕಂಡಿದ್ದಾರೆ? ಆದರೂ ಎಸೆಯಲು ಮನಸ್ಸಾಗದೆ ಹೆಸರುಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದೆ. ಬಾಯಿಗಿಡಲು ಧೈರ್ಯ ಬರಲಿಲ್ಲ. ಏನಾದರೂ ಆದರೆ ಇವರಿಗೇ ಆಗಲಿ ಎಂದು ಮೊದಲು ನಮ್ಮ ಯಜಮಾನರಿಗೆ ಬಿಸಿ ರೊಟ್ಟಿಯ ಜೊತೆ ಬಡಿಸಿ, ಅವರ ಮುಖವನ್ನೇ ನೋಡುತ್ತ ಕುಳಿತೆ.

"ಹೆಂಗೈತ್ರಿ?"

"ಇನ್ನೊಂಚೂರು ಹಾಕು, ಹೇಳ್ತೀನಿ."

ಹಾಕಿದೆ. ಮತ್ತೆ ಕೇಳಿದರು, ಮತ್ತೆ ಹಾಕಿದೆ. ಕೊನೆಗೆ ಬೋಗುಣಿಯನ್ನೇ ಬಳಿದುಕೊಂಡು ಎದ್ದರು. "ಅಷ್ಟೇನ್ ಛಲೋ ಇರ್ಲಿಲ್ಲ ಬಿಡು. ನಾಳೆ ಮತ್ತ ತಾ, ನೋಡೂನು."

ನಾನು ರೊಟ್ಟಿಗೆ ಮೊಸರು ಹಚ್ಚಿಕೊಂಡು ಉಂಡೆ. ಈಗ ಸೊಪ್ಪಿನ ಮೇಲೆ ಅನುಮಾನ ಉಳಿದಿಲ್ಲ, ಇವರ ಮೇಲಿದೆ. ನಾಳೆ ಮೊದಲು ಉಣ್ಣುವವಳು ನಾನು. ಏನಾದರೂ ಆಗುವುದಿದ್ದರೆ ನನಗೇ ಆಗಲಿ.